ಸೋರದ ಕಿಟಕಿಯ ಗುಣಗಾನ

ಚಪಾತಿ ಸುತ್ತುವ ಬೆಳ್ಳಿಬಣ್ಣದ ಹಾಳೆಯನ್ನು ಕಿಟಕಿಯ ಗಾಜಿಗೂ ಅಂಟಿಸಬಹುದೆಂದು ಮೊದಲು ಕಂಡುಹಿಡಿದವರು ಯಾರೆಂದು ನನಗೆ ತಿಳಿಯದು. ಆದರೆ ದುಬೈಯ ಕರಾಮದಲ್ಲಿ, ಹಳೆಯ ಕಟ್ಟಡಗಳ ನಡುವೆ, ಒಂದು ಸಂಜೆ ತಲೆಯೆತ್ತಿಕೊಂಡು ನಡೆದು ನೋಡಿದರೆ ಆ ಮಹಾನುಭಾವರ ಶಿಷ್ಯಕೋಟಿ ಎಷ್ಟು ದೊಡ್ಡದೆಂದು ನಿಮಗೇ ಮನವರಿಕೆಯಾಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗಳಲ್ಲಿ ಬಹುಪಾಲು ಒಳಗಿನಿಂದ ಬೆಳ್ಳಿಯ ಕವಚ ತೊಟ್ಟು, ಇಳಿಹೊತ್ತಿನ ಸೂರ್ಯನನ್ನು ಎದುರುಮನೆಯವರ ಕಣ್ಣಿಗೆ ದಾಟಿಸುತ್ತ ನಿಂತಿರುತ್ತವೆ. ಎದುರುಮನೆಯವರೂ ಸುಮ್ಮನಿರುವವರಲ್ಲ, ಅವರೂ ಒಂದು ಸುರುಳಿ ತಂದು ಅಂಟಿಸುತ್ತಾರೆ. ಹೀಗೆ ಸೂರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಬೇಡವಾದ ನೆಂಟನಂತೆ ಮನೆಯಿಂದ ಮನೆಗೆ ಅಲೆದು, ಕೊನೆಗೆ ಬೇಸತ್ತು ಮುಳುಗುತ್ತಾನೆ.

ನಾವೂ ಆ ಪಂಥದವರೇ. ಮಲಗುವ ಕೋಣೆಗೆ ಎರಡು ಪದರ, ಹಜಾರಕ್ಕೆ ಒಂದು. ಒಳಗೆ ನಿಂತರೆ ಹಗಲೋ ಇರುಳೋ ತಿಳಿಯುತ್ತಿರಲಿಲ್ಲ. ಊರಿನಿಂದ ಬಂದ ನೆಂಟರೊಬ್ಬರು ಕೋಣೆಗೆ ಕಾಲಿಟ್ಟವರೇ, ಯಾರಾದರೂ ತೀರಿಹೋಗಿದ್ದಾರೆಯೇ ಎಂದು ಮೆಲುದನಿಯಲ್ಲಿ ವಿಚಾರಿಸಿದ್ದರು. ತೀರಿಹೋಗಿದ್ದುದು ಕಿಟಕಿಯ ರಬ್ಬರು. ನಮ್ಮ ಕಿಟಕಿಗಳು ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಅತ್ತಿಂದಿತ್ತ ಜಾರುವ, ಒಂಟಿ ಗಾಜಿನ, ಕಟ್ಟಡದಷ್ಟೇ ಹಳೆಯ ಕಿಟಕಿಗಳು. ಸುತ್ತಲಿನ ರಬ್ಬರು ಬಿಸಿಲಿಗೆ ಒಣಗಿ ಹಪ್ಪಳದ ಚೂರುಗಳಾಗಿ ಉದುರಿತ್ತು. ಆ ಸಂದಿಯಿಂದ ಮರುಭೂಮಿ ನಮ್ಮ ಮನೆಗೆ ಕಂತುಕಂತಾಗಿ ವಲಸೆ ಬರುತ್ತಿತ್ತು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಎಸಿ ಹಗಲಿರುಳು ಗೊರಗುಟ್ಟುತ್ತಿತ್ತು. ಅದರ ತಂಪು ನಮಗೆ ದಕ್ಕಿದ್ದಕ್ಕಿಂತ ಹೆಚ್ಚಾಗಿ ಕಿಟಕಿಯ ಹೊರಗೆ ಕೂರುತ್ತಿದ್ದ ಪಾರಿವಾಳಗಳಿಗೆ ದಕ್ಕುತ್ತಿತ್ತೆಂದು ನನ್ನ ಅನುಮಾನ. ಅವು ಬಹಳ ಸಂತೃಪ್ತವಾಗಿ ಕಾಣುತ್ತಿದ್ದವು.

ಇದರ ಮೇಲೆ ನನ್ನ ಹೆಂಡತಿ ಶಕುಂತಲೆ ಉಡುಪಿ ಕಡೆಯವಳು. ಕಡಲ ತೀರದವರಿಗೆ ಸೆಕೆಯ ವಿಷಯದಲ್ಲಿ ಒಂದೇ ಸಿದ್ಧಾಂತ: ಸೆಕೆಯಾದರೆ ಕಿಟಕಿ ತೆರೆ. ಆ ಸಿದ್ಧಾಂತ ಅಲ್ಲಿ ನಿಜ, ಏಕೆಂದರೆ ಅಲ್ಲಿ ಹೊರಗೆ ಗಾಳಿ ಇರುತ್ತದೆ. ಇಲ್ಲಿ ಜೂನ್ ತಿಂಗಳಲ್ಲಿ ಹೊರಗಿರುವುದು ಗಾಳಿಯಲ್ಲ, ಯಾರೋ ಬೇಕರಿಯ ಒಲೆಯ ಬಾಗಿಲು ತೆರೆದು ಮುಚ್ಚುವುದನ್ನು ಮರೆತ ಸ್ಥಿತಿ. ಆದರೂ ಅವಳು ಪ್ರತಿದಿನ ಬೆಳಿಗ್ಗೆ "ಸ್ವಲ್ಪ ಗಾಳಿ ಬರ್ಲಿ" ಎಂದು ಅಡುಗೆಮನೆಯ ಕಿಟಕಿಯನ್ನು ಸರಕ್ಕನೆ ಜಾರಿಸುವಳು. ಎಸಿಯ ಸದ್ದು ಒಂದು ಸ್ವರ ಮೇಲೇರುವುದು. ನಾನು ನಿಟ್ಟುಸಿರು ಬಿಡುವೆನು. ನಮ್ಮ ಸಂಸಾರದ ಸುಪ್ರಭಾತವೇ ಅದು.

ನನ್ನ ಉದ್ಯೋಗವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಪೂರ್ತಿ ಅರ್ಥವಾಗದು. ನಾನು ವಿಮಾ ಕಚೇರಿಯೊಂದರಲ್ಲಿ ನಷ್ಟ ಪರಿಶೀಲಿಸುವವನು. ಎಲ್ಲಿಯಾದರೂ ಏನಾದರೂ ಒಡೆದರೆ, ಸೋರಿದರೆ, ಸುಟ್ಟರೆ ಅಲ್ಲಿಗೆ ಹೋಗಿ, ಏನಾಯಿತೆಂದು ನಿಧಾನವಾಗಿ ನೋಡಿ, ನೋಡಿದ್ದನ್ನು ನೋಡಿದಂತೆಯೇ ಹೇಳುವುದು ನನ್ನ ಕೆಲಸ. ಒಮ್ಮೆ ಅಬುಧಾಬಿಯ ಗೋದಾಮೊಂದರಲ್ಲಿ ಕಿಟಕಿಯ ಸಂದಿಯಿಂದ ನುಗ್ಗಿದ ಮರಳು ಒಂದು ಯಂತ್ರವನ್ನೇ ಕೊಂದದ್ದನ್ನು ಅರ್ಧ ದಿನ ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ. ಕಚೇರಿ ಇದ್ದದ್ದು ಜುಮೇರಾ ಲೇಕ್ ಟವರ್ಸಿನಲ್ಲಿ, ಅಡಿಯಿಂದ ಮುಡಿಯವರೆಗೆ ಗಾಜೇ ಆದ ಗೋಪುರದಲ್ಲಿ. ಮರುಭೂಮಿಯ ನಡುವೆ ಗಾಜಿನ ಪೆಟ್ಟಿಗೆ ಕಟ್ಟಿ, ಅದು ಬಿಸಿಯಾಗುತ್ತದೆಂದು ಅಚ್ಚರಿಪಟ್ಟು, ಅದನ್ನು ಸ್ವೆಟರ್ ಹಾಕಿಕೊಳ್ಳುವಷ್ಟು ತಣ್ಣಗಾಗಿಸಿ, ಆ ಸ್ವೆಟರಿನೊಳಗೆ ಕೂತು ಇಂಧನ ಉಳಿತಾಯದ ಬಗ್ಗೆ ಸಭೆ ನಡೆಸುವ ನಾಗರಿಕತೆಯ ಒಂದು ಅಲ್ಪ ಅಂಗ ನಾನು. ಸೋರಿಕೆಯನ್ನು ಕಂಡರೆ ಸಹಿಸದಿರುವುದು ನನ್ನ ವೃತ್ತಿಧರ್ಮ. ಮನೆಗೆ ಬಂದರೆ ಮನೆಯೇ ಸೋರುತ್ತಿತ್ತು.

ಆದ್ದರಿಂದ, ಒಂದು ಬೇಸಿಗೆಯ ಆರಂಭದಲ್ಲಿ ಕಟ್ಟಡದ ಉಸ್ತುವಾರಿ ಕಚೇರಿಯ ಸಾಜನ್ ಬಂದು, ಮಾಲೀಕರು ಎಲ್ಲ ಕಿಟಕಿಗಳನ್ನೂ ಬದಲಾಯಿಸಲಿದ್ದಾರೆ ಎಂದಾಗ ನಾನು ಅವನನ್ನು ಒಳಗೆ ಕರೆದು ಚಹಾ ಕೊಡಿಸಿದೆ. ಸಾಜನ್ ಕೇರಳದವನು, ಕೆಲವು ವರ್ಷ ಮಂಗಳೂರಿನಲ್ಲಿದ್ದವನು. ಅವನ ಕನ್ನಡದಲ್ಲಿ ಕ್ರಿಯಾಪದಗಳಿಗಿಂತ ‘ಸಾರ್’ಗಳು ಹೆಚ್ಚು.

"ಡಬಲ್ ಗ್ಲಾಸ್ ಸಾರ್. ನಿಮ್ಮ ಎಸಿಗೆ ಇನ್ನು ಆನ್ಯುವಲ್ ಲೀವ್ ಸಾರ್" ಎಂದ.

ಎರಡು ಗಾಜು, ನಡುವೆ ಒಂದು ಅನಿಲ, ಗಾಜಿನ ಮೇಲೆ ಕಣ್ಣಿಗೆ ಕಾಣದ ಲೋಹದ ಲೇಪ. ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಆ ರಾತ್ರಿಯೂಟದ ಹೊತ್ತಿಗೆ ನಾನು ಹೆಂಡತಿಗೆ ಮತ್ತು ಕಾಲೇಜಿಗೆ ಹೋಗುವ ಮಗಳಿಗೆ ಉಷ್ಣವಹನದ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ನಡುವೆ ತುಂಬುವುದು ಜಡ ಅನಿಲ, ಅದು ಯಾರೊಂದಿಗೂ ಸೇರುವುದಿಲ್ಲ, ಯಾವುದಕ್ಕೂ ಪ್ರತಿಕ್ರಿಯಿಸುವುದಿಲ್ಲ, ತನ್ನ ಪಾಡಿಗೆ ತಾನಿದ್ದು ಬಿಸಿಯನ್ನು ಅತ್ತಿಂದಿತ್ತ ದಾಟಗೊಡುವುದಿಲ್ಲ, ಅಷ್ಟೇ ಅದರ ಕೆಲಸ ಎಂದೆ. "ಸೋ ಬೇಸಿಕಲಿ ಲೈಕ್ ಡ್ಯಾಡಿ ಆನ್ ಫ್ರೈಡೇಸ್" ಎಂದು ಮಗಳು ತಟ್ಟೆಯಿಂದ ತಲೆಯೆತ್ತದೆ ಹೇಳಿದಳು. ಉಪನ್ಯಾಸ ಅಲ್ಲಿಗೆ ಮುಗಿಯಿತು.

ಶಕುಂತಲೆ ನಗಲಿಲ್ಲ. ಅವಳು ಅಡುಗೆಮನೆಯ ಕಿಟಕಿಯ ಬಗ್ಗೆ ಯೋಚಿಸುತ್ತಿದ್ದಳು.

ಆ ಕಿಟಕಿಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಟ್ಟಡಕ್ಕೆ ಎರಡು ಪಾರ್ಶ್ವಗಳು. ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕಿರಿದಾದ ಬಾವಿಯಂಥ ತೆರವು. ನೀರಿನ ಕೊಳವೆಗಳು, ಪಾರಿವಾಳಗಳು, ಎಲ್ಲ ಮನೆಗಳ ಒಗ್ಗರಣೆಯ ವಾಸನೆ, ಎಲ್ಲವೂ ಅಲ್ಲೇ. ನಮ್ಮ ಅಡುಗೆಮನೆ ಆ ಬಾವಿಯ ಮೂಲೆಗೆ ಬರುತ್ತದೆ. ಮೂಲೆಯ ಇನ್ನೊಂದು ಗೋಡೆಯಲ್ಲಿ, ನಮ್ಮ ಕಿಟಕಿಗೆ ಅಂಟಿಕೊಂಡಂತೆಯೇ, ಆಚೆ ಪಾರ್ಶ್ವದ ಮನೆಯ ಅಡುಗೆಮನೆಯ ಕಿಟಕಿ. ಕೈ ಚಾಚಿದರೆ ಕೈ ಸಿಗುತ್ತದೆ. ಆ ಮನೆ ಭಟ್ಕಳದ ಮೈಮೂನಕ್ಕನದು. ಗಂಡ ತೀರಿಕೊಂಡು ವರ್ಷಗಳಾಗಿವೆ. ಮಗ ದೇರಾದಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾನೆ, ಸೊಸೆ ಶಾಲೆಯೊಂದರಲ್ಲಿ ಟೀಚರ್. ಹಗಲೆಲ್ಲ ಮೈಮೂನಕ್ಕ ಒಬ್ಬರೇ, ಜೊತೆಗೆ ಅವರ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಕಿಟಕಿಗೆ ಬಂದು "ಏ ಶಕುಂತಲಾ, ಚುಚ್ಚಿ ಆಯ್ತು ಮಾರಾಯ್ತಿ" ಎಂದು ಘೋಷಿಸಿದರೆ ಅವರ ದಿನ ಶುರು. ಅಲ್ಲಿಂದ ಸಂಜೆಯವರೆಗೆ ಆ ಎರಡು ಕಿಟಕಿಗಳ ನಡುವೆ ಆಡದ ಮಾತಿರಲಿಲ್ಲ, ದಾಟದ ಪಾತ್ರೆಯಿರಲಿಲ್ಲ. ಅವರ ಶ್ಯಾವಿಗೆ ಬಿರಿಯಾನಿ ಈ ಕಡೆಗೆ, ನಮ್ಮ ಪತ್ರೊಡೆ ಆ ಕಡೆಗೆ. ಅವರಿಗೆ ತಲೆ ತಿರುಗಿದ ದಿನಗಳಲ್ಲಿ ಶಕುಂತಲೆ ಕೆಲಸದ ನಡುವೆ ಆಗಾಗ "ಅಕ್ಕಾ" ಎಂದು ಕೂಗುವಳು; ಆ ಕಡೆಯಿಂದ "ಇದ್ದೇನೆ, ಇದ್ದೇನೆ, ಸತ್ತಿಲ್ಲ" ಎಂದು ಉತ್ತರ ಬರುವುದು. ಮಗ, ಸೊಸೆ ಇಬ್ಬರೂ ನೆಮ್ಮದಿಯಿಂದ ಕೆಲಸಕ್ಕೆ ಹೋಗುತ್ತಿದ್ದುದು ಆ ಕೂಗಿನ ಭರವಸೆಯಲ್ಲಿ.

ಅವರ ಮನೆಗೆ ಬಾಗಿಲಿನಿಂದ ಹೋಗಬೇಕಾದರೆ ನಮ್ಮ ಲಿಫ್ಟಿನಲ್ಲಿ ಇಳಿದು, ಕಟ್ಟಡವನ್ನು ಬಳಸಿ, ಹಿಂದಿನ ಬೀದಿಗೆ ಹೋಗಿ, ಇನ್ನೊಂದು ಲಿಫ್ಟ್ ಹತ್ತಬೇಕು. ಆ ಬಿಸಿಲಿನಲ್ಲಿ ಅಂಥ ಯಾತ್ರೆ ಯಾರು ಮಾಡುತ್ತಾರೆ? ಕಿಟಕಿಯೇ ಅವರ ಹೆಬ್ಬಾಗಿಲಾಗಿತ್ತು.

ಸಾಜನ್ ಅಳತೆ ತೆಗೆಸಲು ಬಂದಾಗ ಶಕುಂತಲೆ ಕೇಳಿದಳು: "ಅಡುಗೆಮನೆಯದ್ದು ಹೇಗೆ ತೆಗಿಯುದು?"

"ಅದು ಫಿಕ್ಸೆಡ್ ಮೇಡಂ. ತೆಗೀಲಿಕ್ಕೆ ಇಲ್ಲ. ಎಕ್ಸಾಸ್ಟ್ ಫ್ಯಾನ್ ಉಂಟಲ್ಲ."

"ಫ್ಯಾನಿನ ಹತ್ರ ಮಾತಾಡ್ಲಿಕ್ಕೆ ಆಗ್ತದಾ?"

ಸಾಜನ್ ನನ್ನ ಮುಖ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ತೆರೆಯುವ ಕಿಟಕಿ ಎಂದರೆ ಸೋರುವ ಕಿಟಕಿ, ಕಿಟಕಿ ತೆರೆದಿಟ್ಟು ಎಸಿ ಹಾಕುವುದು ಮರುಭೂಮಿಗೆ ಬೀಸಣಿಗೆ ಬೀಸಿದಂತೆ ಎಂದು ಸಾಜನ್ ಹೇಳಿದ. ಅವನಿಗೆ ಆ ಉಪಮೆಯನ್ನು ಕೊಟ್ಟವನು ನಾನೇ, ಮೊದಲ ದಿನದ ಚಹಾದ ಜೊತೆಗೆ. ಮೈಮೂನಕ್ಕನ ಪಾರ್ಶ್ವದ ಕಿಟಕಿಗಳ ಸರದಿ ನಮ್ಮದರ ನಂತರ. ಹಳೆಯ ಗಾಜು ಕೀಳುವ ಹಿಂದಿನ ದಿನ ಅವರು ಆ ಕಡೆಯಿಂದ ವಿದಾಯ ಭಾಷಣ ಮಾಡಿದರು: "ನಾಳೆಯಿಂದ ನಾವಿಬ್ಬರು ಸೌಂಡ್ ಆಫ್ ಮಾಡಿದ ಟಿವಿ ಶಕುಂತಲಾ. ನೀನು ಬಾಯಿ ಆಡಿಸು, ನಾನು ನೋಡ್ತೇನೆ. ನಿನ್ನ ಗಂಡನಿಗೆ ಎಸಿ ಸೇವ್ ಆಗ್ಲಿ."

"ಅವರ ಫೋನ್ ನಂಬರು ತೆಗೆದುಕೋ" ಎಂದು ನಾನು ಸಲಹೆ ಕೊಟ್ಟೆ.

"ಕಣ್ಣೆದುರು ನಿಂತವರಿಗೆ ಫೋನ್ ಮಾಡುದಾ? ಮರ್ಲಾ ನಿಮಗೆ?" ಎಂದಳು.

ಕಿಟಕಿಗಳು ಬಂದವು. ಗುಣಗಾನ ಮಾಡದೆ ಇರಲಾರೆ. ಬೆಳ್ಳಿಹಾಳೆಯನ್ನೆಲ್ಲ ಕಿತ್ತೆಸೆದ ದಿನ ನಮ್ಮ ಹಜಾರಕ್ಕೆ ಎಷ್ಟೋ ವರ್ಷಗಳ ನಂತರ ಬೆಳಕು ಬಂತು, ಅದರಲ್ಲಿ ನಮ್ಮ ಸೋಫಾದ ನಿಜವಾದ ಬಣ್ಣ ಯಾವುದೆಂದು ತಿಳಿದು ಎಲ್ಲರಿಗೂ ಬೇಸರವಾಯಿತು. ಗಾಜಿಗೆ ಅಂಗೈ ಇಟ್ಟರೆ ಉಗುರುಬೆಚ್ಚಗೆ. ಎಸಿ ನಡುನಡುವೆ ತಾನಾಗಿಯೇ ನಿಂತು, ತಾನು ನಿಂತದ್ದಕ್ಕೆ ತಾನೇ ಬೆರಗಾದಂತೆ ಮೌನವಾಗಿರುತ್ತಿತ್ತು. ಬೀದಿಯ ಹಾರನ್ ಇಲ್ಲ, ಪಾರಿವಾಳದ ಗುಟುರು ಇಲ್ಲ, ಮರಳಿಲ್ಲ. ಅಲ್ ಬರ್ಷಾದಲ್ಲಿರುವ ಸ್ನೇಹಿತರನ್ನು ಕರೆದು, ಅವರು ಬಂದು ಕೂತ ಮೇಲೆ ಯಾರೂ ಮಾತಾಡಬಾರದೆಂದು ಕೈಸನ್ನೆ ಮಾಡಿ, ನಮ್ಮ ಮನೆಯ ನಿಶ್ಶಬ್ದವನ್ನು ಅವರಿಗೆ ಕೇಳಿಸಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡರು. ಊಟದ ನಂತರ ಎರಡನೆಯ ಬಾರಿ ಕೇಳಿಸಲು ಹೊರಟಾಗ ಎದ್ದು ಹೋದರು.

ಅಡುಗೆಮನೆಯಲ್ಲಿ ಮಾತ್ರ ಒಂದು ಹೊಸ ಭಾಷೆ ಹುಟ್ಟಿಕೊಂಡಿತು. ಮೈಮೂನಕ್ಕ ತಮ್ಮ ಹಳೆಯ ಕಿಟಕಿಯನ್ನು ಜಾರಿಸಿ, ನಮ್ಮ ಹೊಸ ಗಾಜನ್ನು ಬೆರಳಿನಿಂದ ತಟ್ಟುತ್ತಿದ್ದರು. ತಟ್ಟಿದ್ದು ನಮಗೆ ಕೇಳಿಸುತ್ತಿರಲಿಲ್ಲ. ಕಣ್ಣಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಣ್ಣಿಗೆ ಬಿದ್ದಾಗ ಮೂಕಾಭಿನಯ. ತೋಳಿಗೆ ಬೆರಳು ಚುಚ್ಚಿಕೊಂಡರೆ ಇನ್ಸುಲಿನ್ ಆಯಿತೆಂದು. ತಲೆಯ ಮೇಲೆ ಕೈಯಿಟ್ಟು ಕಣ್ಣು ಮೇಲೆ ಮಾಡಿದರೆ ಸೊಸೆಯ ವಿಷಯ. ಐದೂ ಬೆರಳು ಒಟ್ಟು ಸೇರಿಸಿ ಬಾಯಿಯ ಹತ್ತಿರ ತಂದರೆ, "ವಣಸ್ ಆಂಡಾ?" ಊಟ ಆಯ್ತಾ? ನಮ್ಮ ಕಡೆಯವರಿಗೆ ಇದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಬೆಳಿಗ್ಗೆ ಕಂಡರೂ ಕೇಳುತ್ತೇವೆ, ಸಂಜೆ ಕಂಡರೂ ಕೇಳುತ್ತೇವೆ, ಮದುವೆಯ ಊಟದ ಪಂಕ್ತಿಯಿಂದ ಕೈ ತೊಳೆದು ಬರುತ್ತಿರುವವರನ್ನೂ ಕೇಳುತ್ತೇವೆ. ಕೇಳಿದವರಿಗೆ ಉತ್ತರ ಬೇಕಾಗಿಲ್ಲ, ಉತ್ತರಿಸಿದವರು ಯೋಚಿಸುವುದಿಲ್ಲ. ಶಕುಂತಲೆ ಹೊಟ್ಟೆ ತಟ್ಟಿ ತೋರಿಸುವಳು, ‘ನಿಮ್ಮದು?’ ಎಂದು ಗದ್ದ ಎತ್ತುವಳು. ಮೈಮೂನಕ್ಕ ನಗುವರು. ಇಷ್ಟೇ ಉಳಿದಿತ್ತು. ಶಕುಂತಲೆ ಕೂಗುವುದನ್ನೂ ಬಿಟ್ಟಿದ್ದಳು. ಗಾಜಿಗೆ ಕೂಗಿದರೆ ತನ್ನ ದನಿಯೇ ತನ್ನ ಮುಖಕ್ಕೆ ಬರುತ್ತದೆ ಎಂದಳು. ಬಿಸಿಯನ್ನು ಬಂದಲ್ಲಿಗೇ ಮರಳಿಸುವುದು ಈ ಗಾಜಿನ ಗುಣವೆಂದು ನಾನು ವಿವರಿಸಿದೆ. ಅವಳು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು.

ಅಷ್ಟರಲ್ಲಿ ರಂಜಾನ್ ಬಂತು. ಆ ವರ್ಷಗಳಲ್ಲಿ ಅದು ನಡುಬೇಸಿಗೆಗೇ ಬೀಳುತ್ತಿತ್ತು. ದೀರ್ಘ ಹಗಲು, ದೀರ್ಘ ಉಪವಾಸ. ಆಚೆ ಪಾರ್ಶ್ವದ ಕಿಟಕಿಯ ಕೆಲಸವನ್ನು ಹಬ್ಬದ ನಂತರಕ್ಕೆ ಮುಂದೂಡಿದರು. ಸಕ್ಕರೆ ಕಾಯಿಲೆಯವರು ಉಪವಾಸ ಹಿಡಿಯಬೇಕಾಗಿಲ್ಲವೆಂದು ಡಾಕ್ಟರರೂ ಹೇಳಿದ್ದರು, ಮಸೀದಿಯ ಮೌಲವಿಗಳೂ ಹೇಳಿದ್ದರಂತೆ. ಮೈಮೂನಕ್ಕ ಇಬ್ಬರ ಮಾತನ್ನೂ ಗೌರವದಿಂದ ಕೇಳಿ, ಉಪವಾಸ ಹಿಡಿದರು.

ಇನ್ನು ಮುಂದಿನದನ್ನು ನಾನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಅಲ್ಲೇ ನಿಂತಿದ್ದೆ.

ರಂಜಾನ್ ಆದ್ದರಿಂದ ಕಚೇರಿ ಬೇಗ ಬಿಟ್ಟಿತ್ತು. ಬಿಸಿಲು ಇನ್ನೂ ಇಳಿಯದ ಮಧ್ಯಾಹ್ನ. ಶಕುಂತಲೆ ಕಟ್ಟೆಯ ಬಳಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ನಾನು ಚಹಾದ ಲೋಟ ಹಿಡಿದು ಬಾಗಿಲಿಗೆ ಒರಗಿದ್ದೆ. ಗಾಜಿನ ಆಚೆ ಮೈಮೂನಕ್ಕ ಬಂದರು. ಒಂದು ಕೈ ತಮ್ಮ ಕಿಟಕಿಯ ಚೌಕಟ್ಟಿನ ಮೇಲೆ. ಇನ್ನೊಂದು ಕೈಯ ಬೆರಳುಗಳನ್ನು ಒಟ್ಟು ಸೇರಿಸಿ ಬಾಯಿಯ ಹತ್ತಿರ ತಂದರು. ಶಕುಂತಲೆ ಚೂರಿ ಹಿಡಿದ ಕೈಯಿಂದಲೇ ಹೊಟ್ಟೆ ಮುಟ್ಟಿ ತೋರಿಸಿ, ನಕ್ಕು, ಗದ್ದ ಎತ್ತಿದಳು. ಮೈಮೂನಕ್ಕ ಮತ್ತೆ ಬೆರಳನ್ನು ಬಾಯಿಗೆ ತಂದರು. ಪ್ರಶ್ನೆ ನನಗೂ ಸೇರಿತ್ತೆಂದು ನಾನೂ ತಲೆಯಾಡಿಸಿ, ಲೋಟ ಎತ್ತಿ ತೋರಿಸಿದೆ. ಅವರ ತುಟಿ ಅಲುಗಿತು. ನನಗೆ ಕಂಡದ್ದು ಇಷ್ಟು: ಮುಖದ ಮೇಲೆ ಬೆವರು, ತಲೆವಸ್ತ್ರ ಒಂದು ಕಡೆಗೆ ಜಾರಿತ್ತು, ಅವರು ಅದನ್ನು ಸರಿಪಡಿಸಿಕೊಳ್ಳಲಿಲ್ಲ. ನೋಡಿದೆ. ನೋಡುವುದೇ ನನ್ನ ಕಸುಬಲ್ಲವೇ. ಎಲ್ಲವನ್ನೂ ಒಂದೊಂದಾಗಿ ನೋಡಿದೆ, ಚಹಾ ಕುಡಿದೆ.

ಶಕುಂತಲೆಯ ಚೂರಿ ನಿಂತಿತು.

"ನೋಡಿ" ಎಂದಳು. "ಉಪವಾಸದವರು ಊಟ ಆಯ್ತಾ ಅಂತ ಯಾಕೆ ಕೇಳ್ತಾರೆ?"

ಆ ತಿಂಗಳೆಲ್ಲ ಅವರಿಬ್ಬರ ನಡುವೆ ಹಗಲಿನಲ್ಲಿ ಆ ಸನ್ನೆ ಒಮ್ಮೆಯೂ ನಡೆದಿರಲಿಲ್ಲ. ನಡೆಯುವುದು ಸಾಧ್ಯವೂ ಇರಲಿಲ್ಲ.

"ಶುಗರ್ ಇಳಿದಿದೆ! ಅಕ್ಕಾ! ಸಕ್ಕರೆ ತಿನ್ನಿ, ಅಲ್ಲೇ ಡಬ್ಬದಲ್ಲಿ ಉಂಟು, ಸಕ್ಕರೆ!" ಎಂದು ಅವಳು ಗಾಜಿಗೆ ಬಾಯಿ ಹಚ್ಚಿ ಕೂಗಿದಳು. ಮೈಮೂನಕ್ಕ ನಮ್ಮನ್ನು ನೋಡುತ್ತಿದ್ದರು, ಆದರೆ ಅದು ನೋಟವಾಗಿರಲಿಲ್ಲ. ಸಕ್ಕರೆ ಇಳಿದಾಗ ಮನುಷ್ಯನಿಗೆ ತನ್ನ ಮನೆಯ ಡಬ್ಬವೇ ಮರೆತುಹೋಗುತ್ತದೆಯಂತೆ. ಅವರಿಗೆ ನೆನಪಿದ್ದದ್ದು ಶಕುಂತಲೆಯ ಕಿಟಕಿ ಮಾತ್ರ. "ಫೋನ್ ಮಾಡು" ಎಂದೆ. ಯಾರಿಗೆ ಮಾಡುವುದು? ನಮ್ಮ ಫೋನಿನಲ್ಲಿ ಎಂದೂ ಮುಖ ನೋಡದ ಎಷ್ಟೋ ಜನರು ದಿನವೂ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುತ್ತಿದ್ದರು. ಕೈಗೆ ಕೈ ಸಿಗುವಷ್ಟು ಹತ್ತಿರದ ಮೈಮೂನಕ್ಕನ ನಂಬರು ಇರಲಿಲ್ಲ, ಮಗನದೂ ಇರಲಿಲ್ಲ.

ಆಗ ನಾನು ಏನು ಹೇಳಿದೆನೆಂಬುದನ್ನೂ ಹೇಳಬೇಕು. "ತಡಿ, ಸಾಜನ್‌ನನ್ನು ಕೇಳ್ತೇನೆ" ಎಂದೆ.

ಶಕುಂತಲೆ ನನ್ನನ್ನು ಪಕ್ಕಕ್ಕೆ ತಳ್ಳಿ, ಕಟ್ಟೆಯ ಕೆಳಗಿದ್ದ ಅರೆಯುವ ಕಲ್ಲಿನ ಗುಂಡನ್ನು ಎರಡೂ ಕೈಗಳಿಂದ ಎತ್ತಿ ಗಾಜಿಗೆ ಹೊಡೆದಳು. ಒಳಗಿನ ಗಾಜು ಒಂದು ಕ್ಷಣ ಯೋಚಿಸಿ, ಕಲ್ಲುಸಕ್ಕರೆಯ ಹರಳುಗಳಂತೆ ಒಮ್ಮೆಲೇ ಸುರಿಯಿತು. ಹೊರಗಿನದು ಹಾಗೆಯೇ ನಿಂತಿತ್ತು. ಎರಡು ಗಾಜೆಂಬುದೇ ಆ ಕಿಟಕಿಯ ಹೆಗ್ಗಳಿಕೆ. ಅದನ್ನು ನಾನು ಊರಿಗೆಲ್ಲ ಹೇಳಿಕೊಂಡಿದ್ದೆ. ಅವಳು ಇನ್ನೊಮ್ಮೆ ಹೊಡೆದಳು. ಅದಕ್ಕೇನೂ ಆಗಲಿಲ್ಲ. ಮೂರನೆಯ ಏಟಿಗೆ ಅದೂ ಪುಡಿಯಾಗಿ ಬಾವಿಗೆ ಬಿತ್ತು, ಮತ್ತು ಬಿಸಿ, ಪಾರಿವಾಳಗಳ ರೆಕ್ಕೆಸದ್ದು, ಯಾರದೋ ಮನೆಯ ಹುರಿದ ಈರುಳ್ಳಿಯ ವಾಸನೆ, ಮೈಮೂನಕ್ಕನ ಏದುಸಿರು ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದವು.

ನಾನು ಅವಳ ಸೊಂಟವನ್ನು ಹಿಡಿದುಕೊಂಡೆ. ನನ್ನ ಪಾಲಿನ ಕೆಲಸ ಅಷ್ಟೇ. ಅವಳು ಮೂಲೆಯ ಕಡೆಗೆ ಬಾಗಿ, ಮುಷ್ಟಿಯಲ್ಲಿ ಸಕ್ಕರೆ ಹಿಡಿದು ಆಚೆಯ ಕಿಟಕಿಯೊಳಗೆ ತೋಳು ಚಾಚಿದಳು.

"ಬಾಯಿ ತೆಗೀರಿ ಅಕ್ಕ."

"ರೋಜಾ ಉಂಟು, ಉಪವಾಸ" ಎಂದು ಮೈಮೂನಕ್ಕ ತೊದಲಿದರು.

"ಅದು ಆಮೇಲೆ ಹಿಡೀರಿ. ಬಾಯಿ ತೆಗೀರಿ ಹೇಳಿದ್ದು!"

"ಸೂರ್ಯ ಮುಳುಗ್ಲಿ, ಮಗ್ರಿಬ್ ಆಗ್ಲಿ..."

"ಮಗ್ರಿಬ್‌ಗೆ ನೀವು ಇರ್ಬೇಕಲ್ಲ ಮಾರಾಯ್ರೆ! ತೆಗೀರಿ!"

ಅವಳು ಗದರಿದ್ದು ಹೇಗಿತ್ತೆಂದರೆ, ನನ್ನ ಬಾಯಿಯೇ ತೆರೆದುಕೊಂಡಿತು. ಮೈಮೂನಕ್ಕನದೂ ತೆರೆಯಿತು. ಶಕುಂತಲೆಯ ಬೆರಳುಗಳು ಅವರ ತುಟಿಯ ಒಳಗೆ ಹೋದದ್ದನ್ನು ನೋಡಿದೆ. ಮತ್ತೊಮ್ಮೆ. ಮತ್ತೊಮ್ಮೆ. ನಂತರ ಅವರು ಕೆಳಗೆ ಕುಸಿದು ಕೂತರು, ನಮಗೆ ಕಾಣದಾದರು. "ಅಕ್ಕಾ!" ಎಂದು ಶಕುಂತಲೆ ಕೂಗಿದಳು. ಉತ್ತರವಿಲ್ಲ. "ಓಡಿ" ಎಂದಳು ನನಗೆ.

ಓಡಿದೆ. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಇಳಿದು, ಕಟ್ಟಡವನ್ನು ಬಳಸಿ, ಆ ಬಿಸಿಲಿನಲ್ಲಿ ಹಿಂದಿನ ಬೀದಿಗೆ ಹೋದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಆಚೆಯ ಲಿಫ್ಟ್ ಮೇಲೆಲ್ಲೋ ನಿಂತು ಬರಲಿಲ್ಲ, ಮೆಟ್ಟಿಲು ಹತ್ತಿದೆ. ಬಾಗಿಲು ಬಡಿದೆ. ಒಳಗೆ ಏನೋ ಎಳೆದಂತೆ ಸದ್ದಾಯಿತು, ಬಹಳ ನಿಧಾನವಾಗಿ, ಗೋಡೆಗುಂಟ. ಚಿಲಕ ಸರಿಯಿತು. ಗೋಡೆಗೆ ಒರಗಿ ನಿಂತಿದ್ದ ಮೈಮೂನಕ್ಕನ ಗಲ್ಲದ ಮೇಲೆ ಸಕ್ಕರೆ ಅಂಟಿತ್ತು. ತಲೆವಸ್ತ್ರವನ್ನು ಸರಿಪಡಿಸಿಕೊಂಡು ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಬಂಗೇರರೇ" ಎಂದರು, "ನೀವು ಬಾಗಿಲಿನಿಂದ ಬಂದದ್ದು ಇದೇ ಮೊದಲಲ್ವಾ?"

ಆಂಬುಲೆನ್ಸಿನವರು ಬಂದು ಬೆರಳು ಚುಚ್ಚಿ ನೋಡಿದರು, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾರನೆಯ ದಿನ ಮನೆಗೆ ಕಳಿಸಿದರು. ಮಗ ಬಂದು ನನ್ನ ಕೈ ಹಿಡಿದುಕೊಂಡು ಕೃತಜ್ಞತೆ ಹೇಳಿದ. ಸೊಂಟ ಹಿಡಿದದ್ದಕ್ಕೆ ಇಷ್ಟು ಕೃತಜ್ಞತೆ ಹೆಚ್ಚೆಂದು ನನಗೆ ಅನ್ನಿಸಿತು. ಈಗಲೂ ಹೋಟೆಲಿನಲ್ಲಿ ಯಾರಾದರೂ ಬೆರಳು ಸೇರಿಸಿ ಬಾಯಿಗೆ ತಂದರೆ ನಾನು ಲೋಟ ಕೆಳಗಿಡುತ್ತೇನೆ. ಅವರು ತುತ್ತು ನುಂಗುವವರೆಗೂ ನಾನು ಬಿಟ್ಟ ಕಣ್ಣಿನಿಂದ ನೋಡುತ್ತೇನೆ, ಅವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

ಒಡೆದ ಕಿಟಕಿಯನ್ನು ನೋಡಲು ಸಾಜನ್ ಬಂದ. ಬೆಂಡೆಕಾಯಿಯ ನಡುವೆ ಹೊಳೆಯುತ್ತಿದ್ದ ಗಾಜಿನ ಹರಳುಗಳನ್ನು ನೋಡಿ ಬಹಳ ನೊಂದುಕೊಂಡ.

"ಆಕ್ಸಿಡೆಂಟ್ ಅಂತ ಹೇಳ್ತೇನೆ ಸಾರ್, ಆಫೀಸಲ್ಲಿ" ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದ.

"ಆಕ್ಸಿಡೆಂಟ್ ಅಲ್ಲ" ಎಂದಳು ಶಕುಂತಲೆ, ಅಂಗೈಯ ಬ್ಯಾಂಡೇಜನ್ನು ಸರಿಮಾಡಿಕೊಳ್ಳುತ್ತ. "ನಾನೇ ಒಡೆದದ್ದು. ಅದೇ ಹಾಕಿದ್ರೆ ಪುನಃ ಒಡೀತೇನೆ ಅಂತ ನಿಮ್ಮ ಆಫೀಸಲ್ಲಿ ಹೇಳಿ."

ಆಫೀಸಿನಲ್ಲಿ ಚರ್ಚೆಯಾಯಿತು. ಎಲ್ಲ ಕಿಟಕಿಗಳೂ ಒಂದೇ ತರಹ ಕಾಣಬೇಕು, ಇಲ್ಲದಿದ್ದರೆ ಕಟ್ಟಡದ ಅಂದ ಕೆಡುತ್ತದೆ ಎಂದರು. ಆ ಕಿಟಕಿ ಕಾಣುವುದು ಪಾರಿವಾಳಗಳಿಗೆ ಮಾತ್ರ ಎಂದು ನಾನು ಹೇಳಿದೆ. ತೆರೆಯುವ ಕಿಟಕಿಯಿಂದ ಇಂಧನ ಪೋಲಾಗುತ್ತದೆ ಎಂದರು. ಕಚೇರಿಯಲ್ಲಿ ಈ ಮಾತನ್ನು ಆಡುವಾಗ ಅವರು ಎಸಿಯ ಕೊರೆಯುವ ಚಳಿಗೆ ಜಾಕೆಟ್ ತೊಟ್ಟಿದ್ದರು. ಮೈಮೂನಕ್ಕನ ಮಗ ಬಂದು ಮಾತಾಡಿದ ಮೇಲೆ, ಹಬ್ಬ ಕಳೆದ ಮೇಲೆ, ಬಾಗಿಲಿನಂತೆ ಹೊರಕ್ಕೆ ತೆರೆಯುವ ಒಂದು ಕಿಟಕಿ ಮಂಜೂರಾಯಿತು. ಅಲ್ಲಿಯವರೆಗೆ ಆ ತೆರವಿಗೆ ಟಿವಿ ಪೆಟ್ಟಿಗೆಯ ರಟ್ಟು. ರಟ್ಟಿನ ಆಚೆಯಿಂದ "ಚುಚ್ಚಿ ಆಯ್ತು ಮಾರಾಯ್ತಿ" ಎಂಬ ಘೋಷಣೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಎಸಿ ಮತ್ತೆ ಕೆಲಸಕ್ಕೆ ಹಾಜರಾಯಿತು.

ನಷ್ಟ ಎಂದರೆ ಏನೆಂದು ಕೇಳಿದರೆ, ಇಷ್ಟು ವರ್ಷಗಳ ಕಸುಬಿನ ನಂತರವೂ ನಾನು ಮೊದಲು ತಡವರಿಸುತ್ತೇನೆ. ಒಡೆದದ್ದು ಕಾಣುತ್ತದೆ, ಸೋರಿದ್ದು ತಿಳಿಯುತ್ತದೆ. ಗಟ್ಟಿಯಾಗಿ ಮುಚ್ಚಿದ್ದರಿಂದ ಏನು ಹೋಯಿತೆಂದು ಬಂದು ನೋಡುವ ಪರಿಶೀಲಕರನ್ನು ಯಾವ ಕಂಪನಿಯೂ ಇಟ್ಟುಕೊಂಡಿಲ್ಲ.

ಹೊಸ ಕಿಟಕಿ ಕೂರಿಸಿದ ದಿನ ಸಾಜನ್ ಅದನ್ನು ಮುಚ್ಚಿ, ಹಿಡಿ ತಿರುಗಿಸಿ, ನನ್ನನ್ನು ಕರೆದ. "ಇದಕ್ಕೆ ಗ್ಯಾರಂಟಿ ಕೊಡ್ಲಿಕ್ಕೆ ಆಗುದಿಲ್ಲ ಸಾರ್. ತೆಗೆಯುವ ಕಿಟಕಿ ಅಲ್ವಾ, ಲೀಕ್ ಇರ್ತದೆ. ಇಲ್ಲಿ ಕೈ ಇಟ್ಟು ನೋಡಿ ಸಾರ್, ಗಾಳಿ ಬರ್ತದಾ?"

ರಬ್ಬರಿನ ಅಂಚಿಗೆ ಅಂಗೈ ಇಟ್ಟೆ. ಕೆಳಗಿನ ಮೂಲೆಯಲ್ಲಿ, ದಾರದಷ್ಟು ತೆಳ್ಳಗೆ, ಬಿಸಿಗಾಳಿ ತಾಗಿತು. ಆ ದಾರವನ್ನೇ ಹಿಡಿದುಕೊಂಡು ಬಂದಂತೆ ಆಚೆಯಿಂದ ಮೈಮೂನಕ್ಕನ ದನಿಯೂ, ಸಣ್ಣದಾಗಿ, ಬಂತು: "ಏ ಶಕುಂತಲಾ, ಆ ಸಾಜನ್‌ಗೆ ಹೇಳು, ನಮಗೂ ತೆಗೆಯುವುದನ್ನೇ ಹಾಕ್ಲಿ. ಇಲ್ಲದಿದ್ರೆ ಆ ಗುಂಡುಕಲ್ಲು ಸ್ವಲ್ಪ ನನಗೆ ಕೊಡು!"

ಸಾಜನ್ ಉತ್ತರಕ್ಕೆ ಕಾಯುತ್ತಿದ್ದ.

"ಇಲ್ಲ" ಎಂದೆ. "ಏನೂ ಸೋರುವುದಿಲ್ಲ. ಖಲಾಸ್."

ಅವನು ಹತ್ಯಾರುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ನಾನು ಅಂಗೈಯನ್ನು ಆ ಮೂಲೆಯಿಂದ ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.